ಹತ್ತು ದಿನಕ್ಕೆ ಸರಿ, ತಿಂಗಳಿಗೆ ಸುಳ್ಳು: ಉಬ್ಬರ-ಇಳಿತದ ಲೆಕ್ಕಕ್ಕೆ ಪೈಥಾನ್ ಬಿಡಬೇಕಾ?

ತದಡಿ_ತೆರೆ:
ಅಘನಾಶಿನಿ ಅಳಿವೆಯ ನೀರಿನ ಮಟ್ಟ ಗಂಟೆಗೊಂದರಂತೆ 10 ದಿನ ಬರೆದದ್ದುಂಟು, ಒಟ್ಟು 240 ಅಳತೆ. ಕಂಬಕ್ಕೆ ಕಟ್ಟಿದ ಸೆಂಟಿಮೀಟರ್ ಪಟ್ಟಿ ನೋಡಿ ಬರೆದದ್ದು. ಬೇಕಾದದ್ದು ಇಷ್ಟೇ: ಮುಂದಿನ ತಿಂಗಳು ಯಾವ ದಿನ ಎಷ್ಟು ಹೊತ್ತಿಗೆ ನೀರು ಪೂರ್ತಿ ಇಳೀತದೆ (ಬಳಚು ಚಿಪ್ಪು ತೆಗೆಯೋರಿಗೆ), ಎಷ್ಟು ಹೊತ್ತಿಗೆ ಏರ್ತದೆ (ಗಜನಿಯ, ಅಂದರೆ ಉಪ್ಪುನೀರಿನ ಗದ್ದೆಯ, ಜಂತ್ರಡಿಗೆ, ಅಂದರೆ ತೂಬಿನ ಬಾಗಿಲಿಗೆ, ಹಲಗೆ ಹಾಕೋರಿಗೆ).

ಪೈಥಾನ್‌ನಲ್ಲಿ ಏಳು ಅಲೆ ಕೂಡಿಸಿದ್ದೇನೆ (ಚಂದ್ರ-ಸೂರ್ಯರ ಸೆಳೆತದವು, ಹೆಸರಲ್ಲಿ 2 ಇದ್ದರೆ ದಿನಕ್ಕೆ ಸುಮಾರು ಎರಡು ಸಲ, 1 ಇದ್ದರೆ ಒಂದು ಸಲ): ಎಂ2, ಎಸ್2, ಎನ್2, ಕೆ2, ಕೆ1, ಒ1, ಪಿ1. ನಂಪೈಯ ಲೀಸ್ಟ್ ಸ್ಕ್ವೇರ್ಸ್‌ಗೆ (ಚುಕ್ಕೆಗಳಿಗೆ ಅತಿ ಹತ್ತಿರದ ಗೆರೆ ಹುಡುಕೋ ಲೆಕ್ಕ) ಕೊಟ್ಟರೆ ಆ ಹತ್ತು ದಿನದ ಗೆರೆ ಚುಕ್ಕೆಗಳ ಮೇಲೇ ಹೋಗ್ತದೆ, ವ್ಯತ್ಯಾಸ 4 ಸೆಂ.ಮೀ. ಒಳಗೆ. ಆದರೆ ಎಸ್2ರ ಎತ್ತರ (ಸರಾಸರಿ ಮಟ್ಟದಿಂದ ಮೇಲಕ್ಕೆ) 140 ಸೆಂ.ಮೀ., ಕೆ2ರದ್ದು 127 ಸೆಂ.ಮೀ. ಅಂತ ಬಂದಿದೆ. ತಿಂಗಳ ಕೊನೆಗೆ ಹೋದ ಹಾಗೆ ಮುನ್ಸೂಚನೆ ಪೂರ್ತಿ ಹಾಳು. ಅದಲ್ಲದೆ ಉಬ್ಬರ ಅಂತ ತೋರಿಸಿದ ಹೊತ್ತಿಗೆ ನೀರು ಹೆಚ್ಚುಕಡಿಮೆ ಇಳಿದಿರ್ತದೆ. ಜೂಲಿಯಾ ಭಾಷೆಗೆ ಹೋದರೆ ಸರಿಯಾದೀತಾ?

ಫೋರ್ಟ್ರಾನ್_ಭಾವ:
ಜೂಲಿಯಾ ಎಂತಕ್ಕೆ ಮಾರಾಯ್ರೆ, ಫೋರ್ಟ್ರಾನ್‌ಗೆ ಬನ್ನಿ. 1957ರಿಂದ ಇಂಥದೇ ಕೆಲಸ ಮಾಡ್ತಾ ಬಂದಿದೆ. ಅದಕ್ಕೂ ಮುಂಚೆ, 1872ರ ಸುಮಾರಿಗೆ, ಕೆಲ್ವಿನ್ ಅನ್ನೋ ವಿಜ್ಞಾನಿ ಬರೀ ರಾಟೆ ಮತ್ತು ಹಗ್ಗದ ಯಂತ್ರದಲ್ಲಿ ಅಲೆಗಳನ್ನ ಕೂಡಿಸಿ ಉಬ್ಬರ ಹೇಳ್ತಿದ್ದ. ಅದರಲ್ಲಿ ಲೈಬ್ರರಿ ಇನ್‌ಸ್ಟಾಲ್ ಮಾಡೋ ರಗಳೆ ಇರಲಿಲ್ಲ.

ಕಾಳಿ_ಕೋಸೈನ್:
ಭಾವ, ಫೋರ್ಟ್ರಾನ್‌ನಲ್ಲಿ ಬರೆದರೂ 140 ಮತ್ತು 127 ಅಂತಲೇ ಬರ್ತದೆ. ತಪ್ಪು ಭಾಷೆದಲ್ಲ, ಅಳತೆಯ ಉದ್ದದ್ದು.

ಎಸ್2 ಗಂಟೆಗೆ 30 ಡಿಗ್ರಿ ತಿರುಗ್ತದೆ, ಕೆ2 ಗಂಟೆಗೆ 30.0821 ಡಿಗ್ರಿ. ಒಂದು ಇನ್ನೊಂದಕ್ಕಿಂತ ಪೂರ್ತಿ ಒಂದು ಸುತ್ತು ಮುಂದೆ ಹೋಗಲಿಕ್ಕೆ 360 ÷ 0.0821 ಗಂಟೆ, ಅಂದರೆ 182.6 ದಿನ ಬೇಕು. ನಿಮ್ಮ 10 ದಿನದಲ್ಲಿ ಎರಡರ ನಡುವಿನ ಅಂತರ ಬದಲಾಗೋದು 20 ಡಿಗ್ರಿಯಷ್ಟೂ ಇಲ್ಲ. ಹಾಗಾಗಿ ಲೆಕ್ಕಕ್ಕೆ ಎರಡೂ ಒಂದೇ ಅಲೆ. ಒಂದನ್ನ 140 ಮಾಡಿ ಇನ್ನೊಂದನ್ನ 127 ಮಾಡಿ ಎದುರುಬದುರು ನಿಲ್ಲಿಸಿದರೆ ಉಳಿಯೋದು ಸಣ್ಣ ಅಲೆ, ಗೆರೆಯೂ ಚುಕ್ಕೆಗೆ ತಾಗ್ತದೆ. ದಿನ ಕಳೆದ ಹಾಗೆ ಆ ಎರಡು ಸುಳ್ಳು ಅಲೆ ಬೇರೆಬೇರೆ ಆಗ್ತವೆ, ಆಗ ಸುಳ್ಳು ಹೊರಬೀಳ್ತದೆ. ನಮ್ಮ ಕರಾವಳಿಯಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಅಂತರ ಸುಮಾರು 2 ಮೀಟರ್ ಮಾತ್ರ. ಎಸ್2 ಒಂದೇ 140 ಸೆಂ.ಮೀ. ಅಂದರೆ ಅದೊಂದರಿಂದಲೇ 2.8 ಮೀಟರ್ ಏರಿಳಿತ ಆಗಬೇಕು. ಅಲ್ಲೇ ಅನುಮಾನ ಬರಬೇಕಿತ್ತು.

ಕೆ1, ಪಿ1 ಜೋಡಿಗೂ ಅದೇ 182.6 ದಿನ. ಎಂ2, ಎನ್2 ಬೇರೆ ಮಾಡಲಿಕ್ಕೆ 27.55 ದಿನ. ಎಂ2, ಎಸ್2ಕ್ಕೆ 14.77 ದಿನ, ಅಂದರೆ ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ. ಅಮಾವಾಸ್ಯೆಗೆ ಎರಡೂ ಕೂಡಿ ದೊಡ್ಡ ಉಬ್ಬರ, ಅಷ್ಟಮಿ ಹೊತ್ತಿಗೆ ಒಂದನ್ನೊಂದು ಕಳೆದು ಸಣ್ಣದು. ಈ ಸುತ್ತು ಒಂದಾದರೂ ಮುಗಿಯೋ ಮೊದಲೇ ನೀವು ಪಟ್ಟಿ ನೋಡೋದು ನಿಲ್ಲಿಸಿದ್ದೀರಿ.

ಮಾಡಬೇಕಾದ್ದು: ಕಡಿಮೆ ಅಂದರೆ 29 ದಿನ ಅಳೀರಿ, 696 ಸಾಲು ಆಗ್ತದೆ. ಎಂ2, ಎಸ್2, ಎನ್2, ಕೆ1, ಒ1 ಮಾತ್ರ ಇಟ್ಕೊಳ್ಳಿ. ಪ್ರತಿ ಅಲೆಗೆ ಒಂದು ಸೈನ್, ಒಂದು ಕೋಸೈನ್, ಮೇಲಿಂದ ಸರಾಸರಿ ಮಟ್ಟಕ್ಕೆ ಒಂದು, ಒಟ್ಟು 11 ಕಾಲಮ್. ಕೆ2 ಮತ್ತು ಪಿ1ನ್ನ ಹುಡುಕಲಿಕ್ಕೆ ಹೋಗಬೇಡಿ, ಕಟ್ಟಿಹಾಕಿ: ಕೆ2 ಅಂದರೆ ಎಸ್2ರ 0.272 ಪಟ್ಟು, ಪಿ1 ಅಂದರೆ ಕೆ1ರ 0.331 ಪಟ್ಟು. ಸಿದ್ಧಾಂತದ ಅನುಪಾತ ಅದು, ಆ ಹೊತ್ತಿನ ಸೂರ್ಯ-ಚಂದ್ರರ ಸ್ಥಾನದ ಕೋನ ಕಳೆದ ಮೇಲೆ ಉಳಿಯೋ ಹಂತವೂ (ಅಲೆ ಎಷ್ಟು ತಡ ಅನ್ನೋ ಕೋನ) ಜೊತೆಗಾರನದೇ ಅಂತ ಹಿಡೀಬೇಕು. ಅಂದಾಜೇ, ಆದರೆ 127 ಸೆಂ.ಮೀ.ಗಿಂತ ಎಷ್ಟೋ ವಾಸಿ.

ಶಿರಸಿ_ಸೆಗ್‌ಫಾಲ್ಟ್:
14.77 ದಿನ ಆಗಲೇಬೇಕು ಅನ್ನೋದು ಸ್ವಲ್ಪ ಮಡಿವಂತಿಕೆ ಆಯ್ತು. ಒಂದು ಸುತ್ತು ಮುಗೀಬೇಕು ಅನ್ನೋದಕ್ಕೆ ರೇಲೀ ನಿಯಮ ಅಂತಾರೆ, ಅದು ಕೈಯಂದಾಜು, ಲಕ್ಷ್ಮಣರೇಖೆ ಅಲ್ಲ. ಅಳತೆ ಚೊಕ್ಕ ಇದ್ದರೆ 10 ದಿನದಲ್ಲೂ ಎಂ2, ಎಸ್2 ಬೇರೆ ಮಾಡಬಹುದು. ದೋಣಿಯ ಅಲೆಗೆ ಪಟ್ಟಿಯ ಮೇಲೆ ನೀರು 5 ಸೆಂ.ಮೀ. ಕುಣೀತಾ ಇದ್ದರೆ ಮಾತ್ರ ಕಷ್ಟ. ಮ್ಯಾಟ್ರಿಕ್ಸಿನ (ಆ ಕಾಲಮ್ಮುಗಳ ಕೋಷ್ಟಕದ) ಕಂಡೀಶನ್ ನಂಬರ್, ಅಂದರೆ ಅಳತೆಯ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ದೊಡ್ಡದಾದೀತು ಅನ್ನೋ ಸಂಖ್ಯೆ, ತೆಗೆದು ನೋಡಿ, ಅದೇ ಹೇಳ್ತದೆ. ಎಸ್2, ಕೆ2 ಒಟ್ಟಿಗೆ ಇಟ್ಟಾಗ ಅದು ಹಾರ್ತದೆ, ಕೆ2 ತೆಗೆದ ಕೂಡಲೇ ಬೀಳ್ತದೆ.

ನಾರ್ಮಲ್ ಈಕ್ವೇಶನ್ (ಮ್ಯಾಟ್ರಿಕ್ಸನ್ನ ಅದರದೇ ಟ್ರಾನ್ಸ್‌ಪೋಸಿನಿಂದ ಗುಣಿಸೋದು) ಮಾಡಿ ಇನ್ವರ್ಸ್ ತೆಗೆಯೋ ಅಭ್ಯಾಸ ಇದ್ದರೆ ಬಿಡಿ. ಕಂಡೀಶನ್ ನಂಬರ್ 10,000 ಇದ್ದದ್ದು ಅಲ್ಲಿ 10 ಕೋಟಿ ಆಗ್ತದೆ. ನಂಪೈಯ ಲೀಸ್ಟ್ ಸ್ಕ್ವೇರ್ಸ್‌ಗೆ ಆ ಉಪದ್ರ ಇಲ್ಲ.

ಇನ್ನು ಉಬ್ಬರದ ಹೊತ್ತಿಗೆ ಇಳಿತ ಬಂದದ್ದು ಬೇರೆ ರೋಗ. ಅಳತೆಯ ಸಮಯ ನಮ್ಮ ಗಡಿಯಾರದ್ದು, ಮುನ್ಸೂಚನೆಯ ಸಮಯ ಯುಟಿಸಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಗಡಿಯಾರ), ಹೌದೋ ಅಲ್ಲವೋ? ಐದೂವರೆ ಗಂಟೆ ಅಂದರೆ ಎಂ2ಗೆ 159 ಡಿಗ್ರಿ. 180 ಆದರೆ ಪೂರ್ತಿ ತಲೆಕೆಳಗೆ. ಆ ಮುನ್ಸೂಚನೆ ನಂಬಿ ಬಳಚಿಗೆ ಇಳಿದವರು ಈಜಿ ಬರಬೇಕು.

ಕಾಳಿ_ಕೋಸೈನ್:
ರೇಲೀ ವಿಷಯ ಒಪ್ಪಿದೆ. ಸಮಯದ್ದೇ ಇನ್ನೊಂದು: ಯುನಿಕ್ಸ್ ಸೆಕೆಂಡನ್ನ (1970ರ ಮೊದಲ ದಿನದಿಂದ ಎಣಿಸಿದ್ದು) 32 ಬಿಟ್ ಫ್ಲೋಟ್‌ನಲ್ಲಿ ಇಡಬೇಡಿ. ಈಗಿನ ಸಂಖ್ಯೆ 170 ಕೋಟಿ ದಾಟಿದೆ, ಅಷ್ಟು ದೊಡ್ಡದರಲ್ಲಿ ಅಕ್ಕಪಕ್ಕದ ಎರಡು ಬೆಲೆಗಳ ನಡುವೆ 128 ಸೆಕೆಂಡಿನ ಸಂದಿ ಇರ್ತದೆ. ಮೊದಲ ಅಳತೆಯನ್ನ ಸೊನ್ನೆ ಮಾಡಿ ಗಂಟೆಯಲ್ಲಿ ಎಣಿಸಿದರೆ ಮುಗೀತು.

ತದಡಿ_ತೆರೆ:
ಯುಟಿಸಿಯೇ ಹೌದು. ಕಾರವಾರದ ಕಡೆ ಸೂರ್ಯ ನೆತ್ತಿಗೆ ಬರೋದೇ ಗಡಿಯಾರಕ್ಕಿಂತ ಅರ್ಧ ಗಂಟೆ ತಡ ಅಲ್ಲವಾ, ಅದನ್ನೂ ಸೇರಿಸಬೇಕಾ? ರಾತ್ರಿ ಅಳತೆ ಬಿಟ್ಟರೆ ನಡೀತದಾ?

ಕಾಳಿ_ಕೋಸೈನ್:
ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರೋದು 74ರ ಹತ್ತಿರ, ಹಾಗಾಗಿ ಸುಮಾರು 33 ನಿಮಿಷ ತಡ ನಿಜ. ಆದರೆ ಸೇರಿಸೋದು ಬೇಡ, ಹಂತದ ಕೋನವೇ ಅದನ್ನ ನುಂಗ್ತದೆ. ಅಳತೆಗೂ ಮುನ್ಸೂಚನೆಗೂ ಗಡಿಯಾರ ಒಂದೇ ಇದ್ದರೆ ಸಾಕು.

ರಾತ್ರಿ ಕೆಲವು ಗಂಟೆ ತಪ್ಪಿದರೆ ತೊಂದರೆ ಇಲ್ಲ, ಲೀಸ್ಟ್ ಸ್ಕ್ವೇರ್ಸ್‌ಗೆ ಸಾಲು ಪೂರ್ತಿ ಇರಲೇಬೇಕು ಅಂತಿಲ್ಲ. ದಿನಾ ಬೆಳಿಗ್ಗೆ 8ಕ್ಕೆ ಮಾತ್ರ ಅಳೆದರೆ ಕೆಟ್ಟಿತು. ಎಸ್2 ಪ್ರತಿದಿನ ಅದೇ ಜಾಗದಲ್ಲಿ ಸಿಗ್ತದೆ, ಸರಾಸರಿ ಮಟ್ಟಕ್ಕೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗೋದಿಲ್ಲ. ಮಳೆಗಾಲದ ಅಳತೆ ಬೇಡ, ಹೊಳೆಯ ನೀರೇ ಮಟ್ಟ ಏರಿಸ್ತದೆ. ಕಾಳಿ ಹೊಳೆಯಲ್ಲಾದರೆ ಕದ್ರಾ ಅಣೆಕಟ್ಟಿಂದ ನೀರು ಬಿಟ್ಟ ದಿನದ ಸಾಲನ್ನೂ ತೆಗೆದುಹಾಕಿ.

ಫೋರ್ಟ್ರಾನ್_ಭಾವ:
ಆದರೂ ಜೂಲಿಯಾಕ್ಕೆ ಹೋಗೋದಾದರೆ ಎಚ್ಚರ. ಅಲ್ಲಿ ನಮ್ಮಲ್ಲಿಯ ಹಾಗೆ ಎಣಿಕೆ 1ರಿಂದ, ಪೈಥಾನ್‌ನಲ್ಲಿ ಸೊನ್ನೆಯಿಂದ. ಸಾಲಿನ ನಂಬರನ್ನೇ ಗಂಟೆ ಅಂತ ಹಿಡಿದು ಪೈಥಾನ್‌ನ ಕೋನ ಅಲ್ಲಿಗೆ ತಂದರೆ ಉಬ್ಬರ ಒಂದು ಗಂಟೆ ಜರುಗ್ತದೆ, ಆಮೇಲೆ ಚಂದ್ರನಿಗೆ ಬೈಯೋದು.

ಶಿರಸಿ_ಸೆಗ್‌ಫಾಲ್ಟ್:
ಭಾವ ಮೊದಲ ಸಲ ಉಪಯೋಗದ ಮಾತು ಹೇಳಿದ್ರು. 696 ಸಾಲು, 11 ಕಾಲಮ್ಮಿಗೆ ಎಕ್ಸೆಲ್‌ನ ಲೈನೆಸ್ಟ್ ಸೂತ್ರ (ಅದೂ ಲೀಸ್ಟ್ ಸ್ಕ್ವೇರ್ಸೇ) ಸಾಕು. ಎಕ್ಸೆಲ್‌ನ ಸೈನ್‌ಗೆ ಡಿಗ್ರಿ ಕೊಡಬೇಡಿ, ರೇಡಿಯನ್ ಕೊಡಿ: ಎಂ2ಗೆ ಗಂಟೆಗೆ 0.50587.

ತದಡಿ_ತೆರೆ:
ಸರಿ, 29 ದಿನ ಅಳೀತೇನೆ. ಜಂತ್ರಡಿ ಹಲಗೆಗೆ ಮಟ್ಟ ಕನಿಷ್ಠ ಆಗೋ ಹೊತ್ತನ್ನೇ ಹೇಳಿದರೆ ಸಾಕಲ್ಲ?

ಕಾಳಿ_ಕೋಸೈನ್:
ಸಾಲೋದಿಲ್ಲ. ಅಳಿವೆಯ ಬಾಯಲ್ಲಿ ಮಟ್ಟ ಏರಲಿಕ್ಕೆ ಶುರುವಾದ ಮೇಲೂ ಒಳಗಿನ ನೀರು ಸ್ವಲ್ಪ ಹೊತ್ತು ಹೊರಗೇ ಹರೀತಾ ಇರ್ತದೆ. ಜೊತೆಗೆ ಆಳ ಕಡಿಮೆ ಇರುವಲ್ಲಿ ಎಂ4 ಅಂತ 6.21 ಗಂಟೆಯ ಅಲೆ ಹುಟ್ಟಿ ಏರೋ ಹೊತ್ತಿಗೂ ಇಳಿಯೋ ಹೊತ್ತಿಗೂ ಅಂತರ ಮಾಡ್ತದೆ. ಎಂ4ಗೆ ಇನ್ನೆರಡು ಕಾಲಮ್ ಸೇರಿಸಿ, ಪಟ್ಟಿಯನ್ನ ಅಳಿವೆಯ ಬಾಯಲ್ಲಿ ಅಲ್ಲ, ಆ ಗಜನಿಯ ಕಟ್ಟೆಯ ಹೊರಮೈಗೇ ಕಟ್ಟಿ. ಕಟ್ಟೆಯ ಒಳಗೂ ಒಂದು ಪಟ್ಟಿ, ಎರಡರ ಸೊನ್ನೆಯೂ ಒಂದೇ ಮಟ್ಟದಲ್ಲಿ ಇರಲಿ. ಹೊರಗಿನ ಮಟ್ಟ ಒಳಗಿನದನ್ನ ದಾಟೋ ಗಳಿಗೆಗೆ ಹಲಗೆ ಬೀಳಬೇಕು.