ಕಾತ್ಯಾಯನಿಗೆ ಮಗು ಏಕೆ ಉಳಿಯುವುದಿಲ್ಲ?

ಕಪಿಲಾತೀರ (ಪ್ರಶ್ನೆ):
ಭೈರಪ್ಪನವರ ‘ವಂಶವೃಕ್ಷ’ವನ್ನು (1965) ಮತ್ತೊಮ್ಮೆ ಓದಿದಾಗ ಹಳೆಯ ಸಂದೇಹವೊಂದು ಬಲವಾಯಿತು. ನಂಜನಗೂಡಿನ ಶ್ರೋತ್ರಿಗಳ ಸೊಸೆ ಕಾತ್ಯಾಯನಿ ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ಮೈಸೂರಿನ ಕಾಲೇಜಿಗೆ ಸೇರಿ, ಅಲ್ಲಿ ಅಧ್ಯಾಪಕನಾಗಿದ್ದ ರಾಜನನ್ನು ಮದುವೆಯಾಗುತ್ತಾಳೆ. ಆಮೇಲೆ ಅವಳ ಗರ್ಭ ಮತ್ತೆ ಮತ್ತೆ ಇಳಿದುಹೋಗುತ್ತದೆ; ಕೊನೆಗೆ ಅವಳೇ ಸವೆದು ಸಾಯುತ್ತಾಳೆ. ಮೊದಲ ಮದುವೆಯಲ್ಲಿ ಮಗನನ್ನು ಹೆತ್ತವಳಿಗೆ ಎರಡನೆಯದರಲ್ಲಿ ಮಾತ್ರ ಹೀಗಾಗುವುದನ್ನು ಪಾತ್ರದ ಪಾಪಪ್ರಜ್ಞೆ ಎಂದು ಓದಬೇಕೇ, ಅಥವಾ ಸುಖ ಬಯಸಿದ ವಿಧವೆ ದಂಡ ತೆರಲೇಬೇಕೆಂಬ ಲೋಕದ ನಂಬಿಕೆಯೇ ಕಥೆಯನ್ನು ನಡೆಸುತ್ತಿದೆಯೇ?

ಹಳೆಹೊತ್ತಿಗೆ:
ಕಾದಂಬರಿ ವಂಶಶುದ್ಧಿಯ ಪರ ನಿಂತಿದೆ ಎನ್ನುವುದು ಅವಸರದ ತೀರ್ಮಾನವಾದೀತು. ತಮ್ಮ ಹುಟ್ಟೇ ತಾವು ನಂಬಿಕೊಂಡು ಬಂದ ವಂಶದ್ದಲ್ಲ ಎಂದು ಶ್ರೋತ್ರಿಗಳಿಗೆ ಇಳಿವಯಸ್ಸಿನಲ್ಲಿ ತಿಳಿಯುವಾಗ ಆ ಕಲ್ಪನೆಯ ಬುಡವೇ ಅಲುಗುತ್ತದೆ. ಕಾತ್ಯಾಯನಿಯನ್ನು ಕೊಲ್ಲುವುದು ಅವಳೊಳಗಿನ ದ್ವಂದ್ವವೇ ಹೊರತು ಲೇಖಕರ ತೀರ್ಪಲ್ಲ.

ಸಾಲುದೀಪ:
ಬುಡ ಅಲುಗುತ್ತದೆ, ಒಪ್ಪೋಣ. ಆದರೆ ಯಾರು ಏನನ್ನು ತೆರುತ್ತಾರೆ ಎಂಬುದನ್ನೂ ನೋಡಬೇಕಲ್ಲವೇ? ಶ್ರೋತ್ರಿಗಳಿಗೆ ಆ ಆಘಾತ ವೈರಾಗ್ಯದ ಬಾಗಿಲಾಗುತ್ತದೆ. ಕಾತ್ಯಾಯನಿ ತೆರುವುದು ಒಡಲಿನಿಂದ. ರಾಜನ ಅಣ್ಣ ಸದಾಶಿವರಾಯರು ಹೆಂಡತಿ ಬದುಕಿರುವಾಗಲೇ ತಮ್ಮ ಸಂಶೋಧನೆಗೆ ನೆರವಾಗುವ ಕರುಣರತ್ನೆಯನ್ನು ಮದುವೆಯಾಗುತ್ತಾರೆ, ಮೊದಲ ಹೆಂಡತಿ ನಾಗಲಕ್ಷ್ಮಿ ರಾಮನಾಮ ಬರೆಯುತ್ತಾ ಕೂರುತ್ತಾಳೆ. ಗಂಡಸಿಗೆ ಗ್ರಂಥ, ಹೆಂಗಸಿಗೆ ಜಪದ ಪುಸ್ತಕ! ಬಿಟ್ಟುಹೋದ ಗಂಡನನ್ನು ಒಂದು ಮಾತೂ ಆಡದೆ ಸಹಿಸುವ ಸಾಧ್ವಿ ಎಂಬ ಅಚ್ಚು ನಮಗೆಷ್ಟು ರೂಢಿಯಾಗಿದೆಯೆಂದರೆ, ನಾಗಲಕ್ಷ್ಮಿಯ ಬಗ್ಗೆ ಇಂಥ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

ಇದು ಸಂಪ್ರದಾಯಸ್ಥರ ಅಚ್ಚು ಮಾತ್ರವೂ ಅಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ವಿಧವಾವಿವಾಹದ ಪರವಾಗಿಯೇ ಬರೆದ ಕಾದಂಬರಿ. ಅಲ್ಲಿ ಇಂದಿರೆ ಓದಿ, ಭಾಸ್ಕರನನ್ನು ಮದುವೆಯಾಗಿ ಸುಖವಾಗಿರುತ್ತಾಳೆ. ಆದರೆ ಆ ಸುಖಕ್ಕೆ ಅರ್ಹಳಾಗಲು ಅವಳು ಆರಂಭದಿಂದಲೂ ಕಳಂಕವಿಲ್ಲದ ಸದ್ಗುಣದ ಮೂರ್ತಿಯಾಗಿರಬೇಕಾಯಿತು. ಸುಧಾರಕರ ವಿಧವೆಗೆ ಬಯಕೆಯಿಲ್ಲ. ಬಯಕೆಯುಳ್ಳ ಕಾತ್ಯಾಯನಿ ಪಾತ್ರವಾಗಿ ಹೆಚ್ಚು ಜೀವಂತಳು, ಹಾಗಾಗಿಯೇ ಅವಳಿಗೆ ಕಥೆಯಲ್ಲಿ ಜಾಗ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಟಕಟೆ:
ಕಾನೂನಿನಲ್ಲೂ ಇದೇ ಅಚ್ಚು ಇತ್ತು ಎಂಬುದನ್ನು ಸೇರಿಸಬಯಸುತ್ತೇನೆ. 1856ರ ವಿಧವಾ ಪುನರ್ವಿವಾಹ ಕಾಯ್ದೆ ಮದುವೆಗೆ ಅನುಮತಿ ಕೊಟ್ಟಿತಾದರೂ, ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯ ಮೇಲಿದ್ದ ಹಕ್ಕನ್ನು ಕಿತ್ತುಕೊಂಡಿತು. ಅವಳ ಮಕ್ಕಳ ಪೋಷಕತ್ವಕ್ಕಾಗಿ ಮೃತನ ತಂದೆ-ತಾಯಿ ನ್ಯಾಯಾಲಯಕ್ಕೆ ಅರ್ಜಿ ಹಾಕಲು ದಾರಿಯನ್ನೂ ಇಟ್ಟಿತು. ಕಾತ್ಯಾಯನಿಯ ಮಗ ನಂಜನಗೂಡಿನಲ್ಲೇ ಉಳಿಯುವುದನ್ನು ಶ್ರೋತ್ರಿಗಳ ಧರ್ಮನಿಷ್ಠೆಯೊಂದರಿಂದಲೇ ವಿವರಿಸಬೇಕಾಗಿಲ್ಲ.

ಕಪಿಲಾತೀರ:
ಹಾಗಾದರೆ ಹೆಣ್ಣೊಬ್ಬಳು ಬರೆದಾಗ ಈ ಅಚ್ಚು ಒಡೆಯುತ್ತದೆಯೇ?

ಸಾಲುದೀಪ:
ಅರ್ಧ ಒಡೆಯುತ್ತದೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯ ಕಥೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಕಿರಿಯ ದಾಕ್ಷಾಯಣಿಯ ಪರವಾಗಿ ಆ ಮಡಿ ಹೆಂಗಸೇ ನಿಲ್ಲುತ್ತಾಳೆ. ಅಷ್ಟಾದರೂ ಓದುಗರು ಕೈಮುಗಿಯುವುದು ಏನನ್ನೂ ಬಯಸದ ಫಣಿಯಮ್ಮನಿಗೆ, ದಾಕ್ಷಾಯಣಿಗಲ್ಲ.