‘ಕುರಿ ತಳಿ’ ಅಂದರೆ ಕುರಿಯೋ, ಹುಳುವೋ?

ನಮಸ್ಕಾರ. ಎಕಿನೊಕಾಕಸ್ ಗ್ರಾನ್ಯುಲೋಸಸ್ ಎಂಬ ಲಾಡಿಹುಳುವಿನ ಬಗ್ಗೆ ಪಶುಸಖಿಯರಿಗೊಂದು ಕೈಪಿಡಿ ಸಿದ್ಧವಾಗುತ್ತಿದೆ. ಹುಳು ಇರುವುದು ನಾಯಿಯ ಸಣ್ಣ ಕರುಳಿನಲ್ಲಿ. ನಾಯಿಯ ಮಲದೊಂದಿಗೆ ಅದರ ಮೊಟ್ಟೆ ಬಿದ್ದ ಹುಲ್ಲು ಮೇಯ್ದ ಕುರಿ, ದನ, ಎಮ್ಮೆಗಳ ಲಿವರ್, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆ ಏಳುತ್ತದೆ. ಈ ಹುಳುವಿನ ‘ಶೀಪ್ ಸ್ಟ್ರೇನ್’, ‘ಕ್ಯಾಟಲ್ ಸ್ಟ್ರೇನ್’ ಎಂಬುದನ್ನು ಕರಡಿನಲ್ಲಿ ‘ಕುರಿ ತಳಿ’, ‘ದನದ ತಳಿ’ ಎಂದು ಬರೆದಿದೆ. ಓದಿದರೆ ಬಂಡೂರು, ದಖನಿ ಕುರಿಗಳೇ ಕಣ್ಣಿಗೆ ಕಟ್ಟುತ್ತವೆ. ಬೇರೆ ಪದ ಯಾವುದು? ‘ಜೆನೆಟಿಕ್ ರಿಲೇಶನ್‌ಶಿಪ್’ಗೆ ‘ಆನುವಂಶಿಕ ಸಂಬಂಧ’ ಸರಿಯೇ?

ಉತ್ತರ:

ಮೇಡಂ, ‘ತಳಿ’ ಇಲ್ಲಿ ಬೇಡವೇ ಬೇಡ. ರಾಗಿಯದಾಗಲಿ ಹಸುವಿನದಾಗಲಿ, ತಳಿ ಅಂದಕೂಡಲೇ ಮನುಷ್ಯ ಆರಿಸಿ ಬೆಳೆಸಿದ್ದು ಎಂಬ ಅರ್ಥ ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಪ್ರಾಣಿಯ ಹೆಸರಿನದು. ‘ಕುರಿಯದು’ ಎನ್ನುವ ಹುಳು, ಜೀನ್ ನೋಡಿ ಕೊಟ್ಟ ಗುರುತಿನಲ್ಲಿ ಜಿ1, ಆಡು, ದನ, ಮನುಷ್ಯರಲ್ಲೂ ಗುಳ್ಳೆ ಕಟ್ಟುತ್ತದೆ. ಹೆಸರು ನಂಬಿದವರು ದನದ ಶ್ವಾಸಕೋಶವನ್ನು ನಾಯಿಗೆ ಎಸೆದರೆ ಏನೂ ಆಗದು ಅಂದುಕೊಂಡಾರು.

ಜಿ ಅಂಕಿಗಳು ಶುರುವಾದದ್ದು 1992ರಲ್ಲಿ, ಮೈಟೊಕಾಂಡ್ರಿಯಾದ (ಜೀವಕೋಶದ ಶಕ್ತಿಕೇಂದ್ರದ) ಕಾಕ್ಸ್1 ಎಂಬ ಜೀನಿನ 366 ಡಿಎನ್‌ಎ ಅಕ್ಷರಗಳನ್ನು ಹೋಲಿಸಿ ನೋಡಿದಾಗ. ಜಿ1 ಮತ್ತು ಎಮ್ಮೆಯ ಜಿ3 ಒಂದೇ ಪ್ರಭೇದದೊಳಗಿನ ಅಣ್ಣತಮ್ಮಂದಿರು. ದನದ ಜಿ5 ಈಗ ಬೇರೆಯೇ ಪ್ರಭೇದ, ಎಕಿನೊಕಾಕಸ್ ಆರ್ಟ್ಲೆಪ್ಪಿ, ಅದು ದಾಯಾದಿ. ಹಾಗಾಗಿ ಜಿ1, ಜಿ3ಗಳಿಗೆ ‘ಬಗೆ’, ಜಿ5ಕ್ಕೆ ‘ಪ್ರಭೇದ’ ಎನ್ನಿ. ಜಿ ಅಂಕಿಯನ್ನು ಮಾತ್ರ ಎಲ್ಲೂ ಬಿಡಬೇಡಿ.

ಈ ಭೇದ ಔಷಧಿಯ ಲೆಕ್ಕಕ್ಕೂ ಬೇಕು. ನಾಯಿಯ ಹೊಟ್ಟೆ ಸೇರಿದ ಜಿ1 ಹುಳು ಮೊಟ್ಟೆ ಹಾಕಲು ಸುಮಾರು 45 ದಿನ ಬೇಕು. ಜಿ5ಕ್ಕೆ 33–35 ದಿನ ಸಾಕು. ನಾಯಿಗೆ ಕೆ.ಜಿ. ತೂಕಕ್ಕೆ 5 ಮಿ.ಗ್ರಾಂ.ನಂತೆ ಲಾಡಿಹುಳುವಿನ ಔಷಧಿ ಪ್ರಾಜಿಕ್ವಾಂಟೆಲನ್ನು ಆರು ವಾರಕ್ಕೊಮ್ಮೆ ಕೊಟ್ಟರೆ ಜಿ1 ಮೊಟ್ಟೆ ಹಾಕುವ ಮೊದಲೇ ಸಾಯುತ್ತದೆ. ಜಿ5 ಇದ್ದ ಕಡೆ ಅಷ್ಟರೊಳಗೆ ಒಂದು ವಾರ ಮೊಟ್ಟೆ ಉದುರಿರುತ್ತದೆ. ಈ ಔಷಧಿ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ; ಕೊಟ್ಟ ಮೇಲೆ ನಾಯಿಯ ಮಲವನ್ನು ಸುಡಬೇಕು ಇಲ್ಲವೇ ಆಳವಾಗಿ ಹೂಳಬೇಕು.

‘ಆನುವಂಶಿಕ’ ಎಂದರೆ ರೋಗ ತಾಯಿಯಿಂದ ಕರುವಿಗೆ ಬರುತ್ತದೆ ಎಂದೇ ತಿಳಿಯುತ್ತಾರೆ. ‘ಹುಳುಗಳ ವಂಶಸಂಬಂಧ’ ಎಂದರೆ ಆ ಗೊಂದಲವಿಲ್ಲ.

ಮತ್ತೊಂದು ಉತ್ತರ:

‘ವಂಶಸಂಬಂಧ’ಕ್ಕೆ ನನ್ನ ಒಪ್ಪಿಗೆಯಿದೆ. ಕರಡಿನಲ್ಲಿ ‘ಸ್ಟೆರೈಲ್ ಸಿಸ್ಟ್’ ‘ಬಂಜೆ ಗುಳ್ಳೆ’ ಆಗಿದ್ದರೆ ದಯವಿಟ್ಟು ತೆಗೆಯಿರಿ. ಆ ಪದ ಹೆಣ್ಣುಮಕ್ಕಳನ್ನು ನೋಯಿಸುತ್ತದೆ, ವಿಷಯವನ್ನೂ ತಿಳಿಸುವುದಿಲ್ಲ. ಗುಳ್ಳೆಯ ನೀರನ್ನು ಗಾಜಿನ ಬಟ್ಟಲಿಗೆ ಬಸಿದು ಸ್ವಲ್ಪ ಹೊತ್ತು ಅಲುಗಿಸದೆ ಬಿಟ್ಟರೆ ತಳದಲ್ಲಿ ಬಿಳಿ ಮರಳಿನಂಥ ಕಣಗಳು ಕೂರುತ್ತವೆ. ಅವು ಹುಳುವಿನ ಮರಿತಲೆಗಳು; ನಾಯಿಯ ಕರುಳಿನಲ್ಲಿ ಒಂದೊಂದೂ ಒಂದೊಂದು ಹುಳುವಾಗಬಲ್ಲದು. ‘ಮರಿತಲೆಯುಳ್ಳ ಗುಳ್ಳೆ’, ‘ಮರಿತಲೆಯಿಲ್ಲದ ಗುಳ್ಳೆ’ ಎಂದರೆ ಸಾಕು. ದನದಲ್ಲಿ ಜಿ1 ಕಟ್ಟುವ ಗುಳ್ಳೆ ಬಹುಪಾಲು ಎರಡನೆಯದು. ಜಿ5 ಕಟ್ಟುವುದು ಹೆಚ್ಚಾಗಿ ಮೊದಲನೆಯದು, ಅದೂ ಶ್ವಾಸಕೋಶದಲ್ಲಿ.

ಬಗೆ ಗುರುತಿಸಲು ಪ್ರಯೋಗಾಲಯಕ್ಕೆ ಕಳಿಸುವುದಾದರೆ ಮರಿತಲೆಗಳನ್ನು, ಅವಿಲ್ಲದಿದ್ದರೆ ಗುಳ್ಳೆಯ ಒಳಪೊರೆಯನ್ನು ಕೆರೆದು 70% ಆಲ್ಕೋಹಾಲಿನಲ್ಲಿ ಇಡಿ. ಫಾರ್ಮಲಿನ್‌ನಲ್ಲಿಟ್ಟರೆ ಡಿಎನ್‌ಎ ತುಂಡಾಗಿ ಆ 366 ಅಕ್ಷರಗಳನ್ನು ಓದುವುದು ಕಷ್ಟವಾಗುತ್ತದೆ.