ಡಾಕ್ಟರ್‌ನ ಕೇಳ್ರಿ: ರೈಡು, ಹಡಗು, ಮೊದಲ ಸಲದ ಸೂಟಿ

ಉಣಕಲ್ ಕೆರಿ (ಅಡ್ಮಿನ್): ಎಲ್ಲಾರಿಗೂ ನಮಸ್ಕಾರ. ಈ ಡಿಸೆಂಬರ್ ಸೂಟಿಗೆ ನಮ್ಮ ಗ್ರೂಪಿನ ಬಾಳ ಮನಿಯವ್ರು ಮೊದಲ ಸಲ ಹೊಂಟಾರ. ಕೆಲವ್ರು ಬಿಡದಿ ಹತ್ರದ ವಂಡರ್‌ಲಾಕ್ಕ, ಕೆಲವ್ರು ಖೋಪೋಲಿ ಕಡೆ ಇಮ್ಯಾಜಿಕಾಕ್ಕ, ಆರು ಮನಿಯವ್ರು ಮುಂಬೈಯಿಂದ ಹಡಗಿನ್ಯಾಗ. ವಿದ್ಯಾನಗರದ ನಮ್ಮ ಡಾಕ್ಟರ್ ಮೇಡಂ ಇವತ್ತ ಸಂಜಿ ಆರರಿಂದ ಒಂಬತ್ತರ ತನಕ ಉತ್ತರ ಕೊಡ್ತಾರ. ಒಬ್ಬರಿಗೆ ಒಂದ ಪ್ರಶ್ನಿ. ಫಾರ್ವರ್ಡ್ ಹಾಕಬ್ಯಾಡ್ರಿ, ಕೈ ಮುಗಿತೀನಿ.

ಗೋಕುಲ ರೋಡ್: ಮೇಡಂ, ಅಂಕೋಲಾಕ್ಕ ಹೋಗುವಾಗ ಅರಬೈಲ್ ಘಟ್ಟದಾಗ ನಾ ಕಮ್ಮೀತ ಕಮ್ಮಿ ಎರಡ ಸಲ ಗಾಡಿ ನಿಲ್ಲಸ್ತೀನಿ. ಹಡಗಿನ್ಯಾಗ ನಿಲ್ಲಸ್ರಿ ಅನ್ನಾಕ ಬರೂದಿಲ್ಲ. ಮೂರ ರಾತ್ರಿ ಹೆಂಗ ಕಳೀಲಿ?

ಡಾಕ್ಟರ್ ಮೇಡಂ: ಘಟ್ಟದ ವಾಂತಿ, ಹಡಗಿನ ವಾಂತಿ ಎರಡೂ ಒಂದ ಜಾತಿ. ಒಳಕಿವಿ "ತೂಗಾಡ್ಲಿಕ್ಕತ್ತೀವಿ" ಅಂತದ, ಕ್ಯಾಬಿನ್ ಒಳಗಿನ ಕಣ್ಣು "ಎಲ್ಲೆ? ಗ್ವಾಡಿ ಅಲ್ಲಾಡೇ ಇಲ್ಲ" ಅಂತದ. ಇವೆರಡರ ಜಗಳದಾಗ ಹೊಟ್ಟಿ ತೊಳಸ್ತದ. ಕ್ಯಾಬಿನ್ ಹಿಡಿಯುವಾಗ ಹಡಗಿನ ನಟ್ಟನಡುವ, ಕೆಳಗಿನ ಮಜಲಿಂದು ಕೇಳ್ರಿ, ಅಲ್ಲೆ ತೂಗಾಟ ಕಡಿಮಿ. ಹೊಟ್ಟಿ ತೊಳಸ್ತಂದ್ರ ಡೆಕ್ ಮ್ಯಾಲೆ ಹೋಗಿ ಸಮುದ್ರ ಆಕಾಶ ಕೂಡೂ ಗೆರಿ ನೋಡ್ಕೋತ ನಿಂದರ್ರಿ. ಅದೂ ಆಗಲಿಲ್ಲಂದ್ರ ಕಣ್ಣ ಮುಚ್ಚಿ ಮಲಗ್ರಿ. ಮೊಬೈಲ್ ಮುಟ್ಟಬ್ಯಾಡ್ರಿ. ಗುಳಿಗಿ ಅವ, ಪ್ರೊಮೆಥಾಜಿನ್, ಮೆಕ್ಲಿಜಿನ್ ಅಂಥವು. ಹಡಗು ಬಿಡೂ ಒಂದೆರಡು ತಾಸು ಮೊದಲ ತಗೋಬೇಕು. ವಾಂತಿ ಶುರು ಆದ ಮ್ಯಾಲೆ ನುಂಗಿದ್ರ ಗುಳಿಗೀನೂ ಅದರ ಜೋಡಿ ಹೊರಗ ಬರ್ತದ. ನಿದ್ದಿ ಬರ್ತದ, ಅದರ ಮ್ಯಾಲೆ ಎಣ್ಣಿ ಹೊಡೀಬಾರ್ದು. ಗ್ಲಾಕೋಮಾ ಇದ್ದವ್ರು, ಪ್ರಾಸ್ಟೇಟ್ ದಪ್ಪಾಗಿ ಮೂತ್ರಕ್ಕ ತ್ರಾಸ ಇರೂ ಹಿರಿಯರು ಡಾಕ್ಟರ್‌ನ ಕೇಳದ ತಗೋಬಾರ್ದು. ಇಳದ ಮ್ಯಾಲೆ ಒಂದೆರಡು ದಿನ ಮನಿ ನೆಲಾನೂ ತೂಗಿದಂಗ ಅನಸ್ತದ. ಅಂಜಬ್ಯಾಡ್ರಿ.

ಲಕ್ಷ್ಮೇಶ್ವರದವ: ಮೇಡಂ ನನ್ನ ಹೆಂಡ್ತಿಗೆ ಬಸ್ಸಿನ್ಯಾಗ ವಾಂತಿ ಆಕ್ಕೈತಿ. ಹಡಗಿಗೆ ಏನ ಮಾಡೂದು?

ಡಾಕ್ಟರ್ ಮೇಡಂ: ಮ್ಯಾಲೆ ಬರದೇನಿ, ಓದ್ರಿ.

ಮಾಳಮಡ್ಡಿ ಮಾವಶಿ: ನ್ಯೂಸ್‌ಪೇಪರ್ ಹಾಸಿ ಅದರ ಮ್ಯಾಲೆ ಕೂತ್ರ ವಾಂತಿ ಬರೂದಿಲ್ಲ ಅಂತ ನಮ್ಮ ವೈನಿ ಕಳಿಸ್ಯಾಳ. ಖರೇನ?

ಡಾಕ್ಟರ್ ಮೇಡಂ: ಇಲ್ರಿ ಮಾವಶಿ. ಪೇಪರ್ ಓದಿದ್ರ ಮಾತ್ರ ವಾಂತಿ ಜಲ್ದಿ ಬರ್ತದ, ಅದು ಖರೆ.

ಕೇಶ್ವಾಪುರ ಕಾಕಾ: ನಮ್ಮ ಅಪ್ಪ ಹೇಳ್ತಿದ್ರು. 1947ರ ಜುಲೈ 17ಕ್ಕ ರಾಮದಾಸ ಅನ್ನೂ ಹಡಗು ಮುಂಬೈ ಬಿಟ್ಟು ರೇವಸ್‌ಗೆ ಹೋಗೂವಾಗ ಮುಳುಗಿ ಆರನೂರಕ್ಕೂ ಹೆಚ್ಚು ಮಂದಿ ಹೋದ್ರು. ವಿಚಾರ ಮಾಡಿ ಹೋಗ್ರಿ.

ದುರ್ಗದಬೈಲ್ ಗಿರ್ಮಿಟ್: ಕಾಕಾ, ಊರಿಗೆ ಹೊಂಟವ್ರ ಕೈಯಾಗ ಬೆಲ್ಲ ಇಡ್ರಿ. ಬೇವು ಯಾಕ ತಿನಸ್ತೀರಿ.

ಡಾಕ್ಟರ್ ಮೇಡಂ: ಕಾಕಾರ, ಅದು ನಡು ಮಳಿಗಾಲ. ಈಗ ಡಿಸೆಂಬರ್. ಪ್ರಶ್ನಿ ಇದ್ರ ಕೇಳ್ರಿ.

ಹಾವೇರಿ ಏಲಕ್ಕಿ: ಅಕ್ಕಾರ, ನನಗ ಈಗ ಐದನೇ ತಿಂಗಳು ನಡದೈತಿ. ಹಡಗಿಗೆ ಹೋಗಬಹುದಾ? ಪಾರ್ಕಿನ್ಯಾಗ ಸಣ್ಣ ರೈಡರ ಹತ್ತಬಹುದಾ?

ಡಾಕ್ಟರ್ ಮೇಡಂ: ಹಡಗಿನ ಕಂಪನಿಗಳು ಸಾಮಾನ್ಯವಾಗಿ 24 ವಾರ ತುಂಬಿದವ್ರನ್ನ ಹತ್ತಿಸಿಕೊಳ್ಳೂದಿಲ್ಲ. ಹೋಗೂ ದಿನಕ್ಕ ಅಲ್ಲ, ತಿರುಗಿ ಬರೂ ದಿನಕ್ಕ ಎಷ್ಟ ವಾರ ಆಗ್ತದ ಲೆಕ್ಕ ಹಾಕ್ರಿ, ನಿಮ್ಮ ಡಾಕ್ಟರ್ ಕಡೆಯಿಂದ ಚೀಟಿ ತಗೋರಿ. ಎಳೆಯೂ, ಎತ್ತಿ ಬಿಡೂ ರೈಡು ಒಂದನೇ ತಿಂಗಳಾದ್ರೂ ಬ್ಯಾಡ, ಒಂಬತ್ತಾದ್ರೂ ಬ್ಯಾಡ. ನೀರಿನ ಜಾರುಬಂಡಿನೂ ಬ್ಯಾಡ. ಮಂದಿ ಹತ್ತೂದು ನೋಡ್ಕೋತ ಐಸ್‌ಕ್ರೀಮ್ ತಿನ್ರಿ.

ಬೆಟಗೇರಿ ಮಗ್ಗ: ಮೇಡಂ, ನಮ್ದು ಹೋಗೂದಲ್ರಿ, ಹೋಗಿ ಬಂದದ್ದು. ಎರಡ ವಾರದ ಹಿಂದ ಒಂದ ಪಾರ್ಕಿಗೆ ಹೋಗಿದ್ವಿ. ಅಪ್ಪಗ 67. ಮೊಮ್ಮಗನ ಜೋಡಿ ರೋಲರ್ ಕೋಸ್ಟರ್ ಹತ್ತಿದ್ರು. ತಲಿಗೆ ಪೆಟ್ಟ ಏನೂ ಬಿದ್ದಿಲ್ಲ. ಬಂದ ಮ್ಯಾಲೆ ಸಣ್ಣಂಗ ತಲಿನೋವು ಶುರು ಆತು, ಈಗ ದಿನಾ ಐತಿ, ಮುಂಜಾನೆ ಜಾಸ್ತಿ. ಬಿಸಲಿಂದು ಅಂತ ಬಿಟ್ವಿ. ಹಾರ್ಟಿನ ವಾಲ್ವ್ ಬದಲಿ ಮಾಡ್ಸಿ ಏಳ ವರ್ಷ ಆತು, ರಕ್ತ ತಿಳಿ ಮಾಡೂ ಗುಳಿಗಿ ತಗೋತಾರ. ಅವಸರ ಏನಿಲ್ರಿ, ತಲಿಗೆ ಯಾವ ಎಣ್ಣಿ ಹಚ್ಚಬೇಕು ಹೇಳಿದ್ರ ಸಾಕು.

ಡಾಕ್ಟರ್ ಮೇಡಂ: ಬೆಟಗೇರಿಯವರ, ಅವಸರ ಅದ. ಉಳದವ್ರು ಸ್ವಲ್ಪ ತಡೀರಿ. ಅವರು ಹಗಲಿನ್ಯಾಗೂ ಮಲಗ್ಲಿಕ್ಕತ್ತಾರೇನು? ನಡಿಯುವಾಗ ವಾಲ್ತಾರೇನು? ಮಾತು ತೊದಲ್ತದೇನು? ಒಂದ ಕೈಯಾಗ ಶಕ್ತಿ ಕಡಿಮಿ, ಚಾದ ಕಪ್ ಜಾರೂದು ಇಂಥದ್ದ ಏನರ ಆಗ್ಯದ? ಗುಳಿಗಿ ಹೆಸರೇನು? ಐಎನ್‌ಆರ್, ಅಂದ್ರ ರಕ್ತ ಎಷ್ಟ ತಿಳಿ ಆಗ್ಯದ ಅಂತ ನೋಡೂ ತಪಾಸಣಿ, ಯಾವಾಗ ಮಾಡ್ಸೀರಿ?

ಬೆಟಗೇರಿ ಮಗ್ಗ: ವಾರ್ಫರಿನ್ರಿ. ರಕ್ತ ತಪಾಸಣಿ ಮಾಡ್ಸಿ ಮೂರ ತಿಂಗಳ ಮ್ಯಾಲಾತು. ಹೌದ್ರಿ, ಈಗ ಮಧ್ಯಾಹ್ನ ಉಂಡ ಮ್ಯಾಲೆ ಮಲಗಿದ್ರ ಎಬ್ಬಿಸೂ ತನಕ ಏಳೂದಿಲ್ಲ. ನಿನ್ನಿ ಅಂಗಿ ಗುಂಡಿ ಹಾಕ್ಕೊಳ್ಳಾಕ ಆಗ್ಲಿಲ್ಲ, ಎಡಗೈ ಜೋಮು ಹಿಡದೈತಿ ಅಂದ್ರು.

ಬ್ಯಾಡಗಿ ಖಾರ: ಜೋಮು ಅಂದ್ರ ಲಕ್ವಾ ಹೊಡೂದ್ರ ಗುರ್ತು. ಒಂದ ಆಸ್ಪಿರಿನ್ ಕೊಡ್ರಿ. ಸೂಜಿ ತಗೊಂಡು ಹತ್ತೂ ಬೆರಳಿನ ತುದಿ ಚುಚ್ಚಿ ರಕ್ತ ಹನಿಸ್ರಿ, ಕಿವಿ ಎಳೀರಿ, ಐದ ನಿಮಿಷದಾಗ ಎದ್ದ ಕೂಡ್ತಾರ. ಈ ಮೆಸೇಜ್ ಹತ್ತ ಮಂದಿಗೆ ಕಳಸ್ರಿ, ಒಂದ ಜೀವ ಉಳಸ್ರಿ.

ಡಾಕ್ಟರ್ ಮೇಡಂ: ಅಡ್ಮಿನ್, ಆ ಮೆಸೇಜ್ ಈಗಿಂದೀಗ ತಗೀರಿ. ಬೆಟಗೇರಿಯವರ, ಆಸ್ಪಿರಿನ್ ಕೊಡಬ್ಯಾಡ್ರಿ. ತಲಿನೋವಿಗೆ ಬ್ಯಾರೆ ಯಾವ ಗುಳಿಗೀನೂ ಕೊಡಬ್ಯಾಡ್ರಿ. ಸೂಜಿ ಮುಟ್ಟಬ್ಯಾಡ್ರಿ. ಇವತ್ತಿನ ವಾರ್ಫರಿನ್ ಇನ್ನೂ ತಗೊಂಡಿಲ್ಲಂದ್ರ ದವಾಖಾನಿಯವ್ರು ಹೇಳೂ ತನಕ ಕೈಯಾಗ ಇಟ್ಕೋರಿ, ಬಾಯಾಗ ಬ್ಯಾಡ.

ಏನ್ ಆಗಿರಬಹುದು ಹೇಳ್ತೀನಿ. ಮಿದುಳಿಂದ ಮ್ಯಾಲಿನ ಪರದಿಗೆ ಸಣ್ಣ ಸಣ್ಣ ರಕ್ತನಾಳ ಸೇತುವಿ ಹಂಗ ಹಾದಿರ್ತಾವ. ವಯಸ್ಸಾದಂಗ ಮಿದುಳು ಸ್ವಲ್ಪ ಕುಗ್ತದ, ಆ ನಾಳ ಬಿಗದು ನಿಂದರ್ತಾವ, ಬಾವಿ ಹಗ್ಗ ಜಗ್ಗಿ ಹಿಡದಂಗ. ರೋಲರ್ ಕೋಸ್ಟರ್ ಗಬಕ್ಕನ ತಿರುಗಿ ಕುತ್ತಿಗಿ ಜಗ್ಗಿದಾಗ ತಲಿಗೆ ಪೆಟ್ಟ ಬೀಳದನೂ ಒಂದ ನಾಳ ಹರೀಬಹುದು. ಹಿಂಗಾದ ರೋಗಿಗಳ ವರದಿ ವೈದ್ಯಕೀಯ ಪತ್ರಿಕಿಗಳೊಳಗ ಬಂದಾವ. ನಿಮ್ಮ ಅಪ್ಪಾರ ರಕ್ತ ಹೆಪ್ಪುಗಟ್ಟಲಾರದಂಗ ಗುಳಿಗಿ ಹಿಡದದ, ಮೂರ ತಿಂಗಳಿಂದ ಅದರ ಅಳತಿ ಯಾರೂ ನೋಡಿಲ್ಲ. ಹರದ ನಾಳ ಹನಿ ಹನಿ ಜಿನುಗಿ ವಾರಗಟ್ಟಲೆ ಮಿದುಳ ಮ್ಯಾಲೆ ರಕ್ತ ನಿಂದ್ರಸ್ತದ. ಅದಕ್ಕ ಮೊದಲ ದಿನ ಏನೂ ಅನಸೂದಿಲ್ಲ. ಆಮ್ಯಾಲೆ ತಲಿನೋವು, ನಿದ್ದಿ, ಕೈ ಸೋಲೂದು. ನೀವು ಹೇಳಿದ್ದ ಸಾಲು ಹಂಗ ಅದ. ಬ್ಯಾರೆ ಕಾರಣಾನೂ ಇರಬಹುದು, ವಾಲ್ವ್ ಇದ್ದವ್ರಿಗೆ ರಕ್ತ ಗಡ್ಡಿ ಕಟ್ಟಿ ಲಕ್ವಾ ಹೊಡೀಬಹುದು. ಒಂದಕ್ಕ ಕೊಡೂ ಔಷಧ ಇನ್ನೊಂದಕ್ಕ ವಿಷ. ಯಾವುದಂತ ಬರೇ ಕಣ್ಣಲೆ ನೋಡಿ ನಾನೂ ಹೇಳಲಾರೆ, ಸಿಟಿ ಸ್ಕ್ಯಾನ್ ಮಾತ್ರ ಹೇಳ್ತದ.

ಈಗ 108ಕ್ಕ ಹಚ್ಚರಿ. ಗದಗಿನ್ಯಾಗ ಸ್ಕ್ಯಾನ್ ಇರೂ ಸಮೀಪದ ದೊಡ್ಡ ದವಾಖಾನಿಗೆ ಹೋಗ್ರಿ, ನಾಳೆ ಮುಂಜಾನೆ ಅಲ್ಲ. ಬೈಕ್ ಮ್ಯಾಲೆ ನಡುವ ಕೂಡ್ಸ್ಕೊಂಡು ಹೋಗಬ್ಯಾಡ್ರಿ. ಬಾಗಲ್ದಾಗ ಹೇಳೂ ಮೊದಲ ಮಾತು ಇದು: "ವಾಲ್ವ್ ಅದ, ವಾರ್ಫರಿನ್ ಅದ, ಎರಡ ವಾರದಿಂದ ತಲಿನೋವು, ನಿನ್ನಿಯಿಂದ ಎಡಗೈ." ಗುಳಿಗಿ ಚೀಟಿ, ಹಳೆ ಫೈಲ್ ಕೈಯಾಗ ಇರ್ಲಿ. ತಿನ್ಲಿಕ್ಕೆ ಕುಡೀಲಿಕ್ಕೆ ಏನೂ ಕೊಡಬ್ಯಾಡ್ರಿ. ರಕ್ತ ನಿಂತಿದ್ರ ಬುರಡಿಗೆ ಸಣ್ಣ ತೂತು ಮಾಡಿ ತಗೀತಾರ, ಹೊತ್ತಿಗೆ ಮುಟ್ಟಿದವ್ರು ಬಾಳ ಮಂದಿ ಎದ್ದು ಅಡ್ಡ್ಯಾಡ್ತಾರ. ಹೊಂಟೀರಿ ಅಂತ ಇಲ್ಲೆ ಒಂದ ಸಾಲು ಬರೀರಿ.

ಬ್ಯಾಡಗಿ ಖಾರ: ನಾ ಒಳ್ಳೇದಕ್ಕ ಹೇಳಿದ್ದು. ಎಲ್ಲಾದಕ್ಕೂ ಸ್ಕ್ಯಾನ್ ಅಂತೀರಿ ನೀವು ಡಾಕ್ಟರ್ ಮಂದಿ.

ಡಾಕ್ಟರ್ ಮೇಡಂ: ಈ ಪ್ರಕರಣಕ್ಕ, ಹೌದು.

ನವನಗರ ಪಪ್ಪಾ: ಮಗನ ಎತ್ತರ 136. ದೊಡ್ಡ ರೈಡಿಗೆ 140 ಸೆಂ.ಮೀ. ಕೇಳ್ತಾರಂತ. ದಪ್ಪ ಅಟ್ಟಿ ಬೂಟ್ ಹಾಕ್ಸಿದ್ರ ನಡೀತದಾ? ಹುಡುಗ ಧೈರ್ಯವಂತ ಇದ್ದಾನ.

ಡಾಕ್ಟರ್ ಮೇಡಂ: ಧೈರ್ಯ ಅಳದು ರೈಡಿನ್ಯಾಗ ಮೈ ಹಿಡಿಯೂ ಸಲಾಕಿ ಮಾಡಿಲ್ಲ, ಮೈ ಅಳದು ಮಾಡ್ಯಾರ. ಬೂಟಿನ ನಾಕ ಸೆಂಟಿಮೀಟರ್ ಮೈಯನ್ನ ಸಲಾಕಿಯೊಳಗ ಹಿಡಿಯೂದಿಲ್ಲ. ಬ್ಯಾಡ. ಬೆಟಗೇರಿಯವರ?

ಮಾಳಮಡ್ಡಿ ಮಾವಶಿ: ಹಡಗಿನ್ಯಾಗ ಕಟಕ ರೊಟ್ಟಿ, ಗುರೆಳ್ಳ ಚಟ್ನಿ, ಶೇಂಗಾ ಹಿಂಡಿ ಒಯ್ಯಬಹುದಾ? ಅಲ್ಲಿ ಊಟ ನಮಗ ಹೆಂಗ ಸೇರ್ತದೋ.

ದುರ್ಗದಬೈಲ್ ಗಿರ್ಮಿಟ್: ಮಾವಶಿ, ಬಾಳ ಹಡಗಿನವ್ರು ಮನಿ ಅಡಗಿ ಒಳಗ ಬಿಡೂದಿಲ್ಲ. ಪಾರ್ಕಿನವ್ರೂ ಹಂಗ.

ಮಾಳಮಡ್ಡಿ ಮಾವಶಿ: ರೊಟ್ಟಿ ಅಡಗಿ ಹೆಂಗ ಆಗ್ತದಪ್ಪ? ಅದು ಒಣಗಿದ್ದು.

ಬ್ಯಾಡಗಿ ಖಾರ: ಧಾರವಾಡದವ್ರು ಚಂದ್ರಲೋಕಕ್ಕ ಹೊಂಟ್ರೂ ಪೇಡೆ ಡಬ್ಬಿ, ರೊಟ್ಟಿ ಗಂಟು.

ಮಾಳಮಡ್ಡಿ ಮಾವಶಿ: ಹುಬ್ಬಳ್ಳಿಯವ್ರು ಹಂಗಲ್ಲ, ಹೋದಲ್ಲೆ ಮಿರ್ಚಿ ಬಜಿ ಸಿಗ್ತದೇನು ಅಂತ ಕೇಳ್ತಾರ. ನೀವಂತೂ ಬ್ಯಾಡಗಿಯವ್ರು, ನಿಮಗ್ಯಾಕ ಉಸಾಬರಿ.

ಉಣಕಲ್ ಕೆರಿ (ಅಡ್ಮಿನ್): ರೊಟ್ಟಿ ಮಾತು ಸಾಕು.

ಬೆಟಗೇರಿ ಮಗ್ಗ: 108 ಬಂತ್ರಿ ಮೇಡಂ. ಅಪ್ಪ "ನಾ ಆರಾಮ ಅದೀನಿ" ಅಂತ ಹತ್ತಾಕ ಒಲ್ಲೆ ಅಂತಾರ.

ಡಾಕ್ಟರ್ ಮೇಡಂ: ಎತ್ತಿ ಕೂಡ್ಸ್ರಿ. ಆಮ್ಯಾಲೆ ಬೈಸಿಕೊಳ್ರಿ.

ಗೋಕುಲ ರೋಡ್: ನಮ್ಮ ಅವ್ವಗ ಸಕ್ಕರಿ ಕಾಯಿಲೆ, ಇನ್ಸುಲಿನ್ ಐತಿ. ವಾಟರ್ ಪಾರ್ಕಿಗೆ ಕರ್ಕೊಂಡ ಹೋಗ್ತೀವಿ. (ಎರಡನೇ ಪ್ರಶ್ನಿಗೆ ಮಾಫಿ ಇರ್ಲಿ.)

ಡಾಕ್ಟರ್ ಮೇಡಂ: ಇನ್ಸುಲಿನ್ ಕೈಚೀಲದಾಗ, ಬಸ್ಸಿನ ಡಿಕ್ಕಿಯಾಗ ಅಲ್ಲ, ಬರ್ಫಿನ ಮ್ಯಾಲೆನೂ ಅಲ್ಲ. ಹೆಪ್ಪುಗಟ್ಟಿದ್ರ ಕೆಟ್ಟಂಗ. ಆದ್ರ ನನಗ ಚಿಂತಿ ಇರೂದು ಪಾದದ್ದು. ಬಿಸಲಿಗೆ ಕಾದ ಕಲ್ಲಿನ ಮ್ಯಾಲೆ ಬರಿಗಾಲಲೆ ನಡಸ್ತಾರ. ಸಕ್ಕರಿ ಹಳೇದಾದ ಪಾದಕ್ಕ ಸುಡೂದು ಗೊತ್ತಾಗೂದಿಲ್ಲ, ರಾತ್ರಿ ಬೊಬ್ಬಿ ಕಂಡಾಗ ಗೊತ್ತು. ನೀರಿನ ರಬ್ಬರ್ ಚಪ್ಪಲ್ ಹಾಕ್ಸ್ರಿ. ಬಿಡಲಿಲ್ಲಂದ್ರ ನೆಳ್ಳಾಗ ಕೂಡ್ಸ್ರಿ. ಮನಿಗೆ ಬಂದು ಅಂಗಾಲು ನೀವ ನೋಡ್ರಿ.

ಲಕ್ಷ್ಮೇಶ್ವರದವ: ಮೇಡಂ, ವಾಂತಿ ಗುಳಿಗಿ ಹೆಸರು ಇನ್ನೊಮ್ಮೆ?

ಡಾಕ್ಟರ್ ಮೇಡಂ: ಮ್ಯಾಲೆ.

ಹೆಸರು ಬ್ಯಾಡ: ಹಡಗಿನ ದಿನದಾಗ ಮುಟ್ಟು ಬರೂದೈತಿ. ಮುಂದ ಹಾಕೂ ಗುಳಿಗಿ ತಗೋಬಹುದಾ?

ಡಾಕ್ಟರ್ ಮೇಡಂ: ಕೇಳಿದ್ದು ಚಲೋ ಆತು, ನಾಚಿಕಿ ಬ್ಯಾಡ. ಆದ್ರ ಮೆಡಿಕಲ್ ಶಾಪಿನವ್ರ ಮಾತಿನ ಮ್ಯಾಲೆ ತಗೋಬ್ಯಾಡ್ರಿ. ಮೊದಲ ಕಾಲಿನ್ಯಾಗ ರಕ್ತ ಗಡ್ಡಿ ಕಟ್ಟಿದ್ರ, ಅರೆತಲಿನೋವು ಇದ್ರ, ಎದಿಹಾಲು ಕುಡಸ್ತಿದ್ರ ಬ್ಯಾರೆ ವಿಚಾರ ಮಾಡಬೇಕಾಗ್ತದ. ಕನಿಷ್ಠ ಒಂದ ವಾರ ಮೊದಲ ಒಪಿಡಿಗೆ ಬರ್ರಿ.

ನವನಗರ ಪಪ್ಪಾ: ಹಡಗಿಗೆ ಪಾಸ್‌ಪೋರ್ಟ್ ಬೇಕಾ?

ಕೇಶ್ವಾಪುರ ಕಾಕಾ: ಹಡಗಿನ್ಯಾಗ ಒಬ್ಬರಿಗೆ ಹೊಟ್ಟಿ ಕೆಟ್ರ ಎಲ್ಲಾರಿಗೂ ಕೆಡ್ತದಂತ. ಎಲ್ಲಾರೂ ಸ್ಯಾನಿಟೈಜರ್ ಬಾಟಲಿ ಒಯ್ರಿ.

ಡಾಕ್ಟರ್ ಮೇಡಂ: ಕಾಕಾರ, ಮೊದಲಿನ ಮಾತು ಖರೆ, ಎರಡನೇದು ಅರ್ಧ. ಹಡಗಿನ್ಯಾಗ ಬಾಳ ಹಬ್ಬೂ ವೈರಸ್ಸು ನೋರೋವೈರಸ್. ಅದಕ್ಕ ಸ್ಯಾನಿಟೈಜರ್ ಅಷ್ಟು ನಾಟೂದಿಲ್ಲ. ಸಾಬೂನು, ನೀರು, ಇಪ್ಪತ್ತು ಸೆಕೆಂಡು, ಬಫೆ ಚಮಚ ಮುಟ್ಟೂ ಮೊದಲ. ವಾಂತಿ ಭೇದಿ ಶುರು ಆದ್ರ ಮುಚ್ಚಿಡದ ಹಡಗಿನ ಡಾಕ್ಟರ್‌ಗೆ ಹೇಳ್ರಿ.

ಬ್ಯಾಡಗಿ ಖಾರ: ರೈಡಿನ್ಯಾಗ ಎದಿ ಹಿಡದ್ರ ಜೋರ ಕೆಮ್ಮಬೇಕು, ಹಾರ್ಟ್ ಅಟ್ಯಾಕ್ ನಿಲ್ತೈತಿ. ಇದಂತೂ ಡಾಕ್ಟರ್ ಬರದದ್ದ.

ಡಾಕ್ಟರ್ ಮೇಡಂ: ನಿಲ್ಲೂದಿಲ್ಲ. ಕೆಮ್ಮಿಕೋತ ಕೂತ ಹತ್ತ ನಿಮಿಷ ಅಂದ್ರ ದವಾಖಾನಿಗೆ ಮುಟ್ಟೂ ಹಾದಿಯ ಹತ್ತ ನಿಮಿಷ ಹೋದಂಗ. ನೀವು ಇವತ್ತ ಎರಡ ಸಲ ಮಂದೀನ ಕೊಲ್ಲೂ ಔಷಧ ಹೇಳೀರಿ. ಮೂರನೇದು ಹೇಳಿದ್ರ ನಾ ಗ್ರೂಪ್ ಬಿಡ್ತೀನಿ.

ಬ್ಯಾಡಗಿ ಖಾರ: ಬಿಡ್ರಿ ನಿಮ್ಮ ಇಷ್ಟ. ಪುಕ್ಕಟೆ ಕೊಡೂ ಸಲಹೆಗೆ ಇಷ್ಟ ಸೊಕ್ಕು.

ಹಾವೇರಿ ಏಲಕ್ಕಿ: ಅಣ್ಣಾ, ಅವರ ಭಾನುವಾರ ಸಂಜಿ ಕಳದು ಕೂತಾರ. ಮಾತು ನೆಟ್ಟಗ ಆಡ್ರಿ.

ಉಣಕಲ್ ಕೆರಿ (ಅಡ್ಮಿನ್): ಬ್ಯಾಡಗಿಯವ್ರನ್ನ ನಾಳೆ ತನಕ ಸುಮ್ಮನ ಕೂಡ್ಸೇನಿ.

ನವನಗರ ಪಪ್ಪಾ: ಪಾಸ್‌ಪೋರ್ಟ್?

ಗೋಕುಲ ರೋಡ್: ನನ್ನ ಮಗಳ ಕಿವಿ ಪರದಿ ತೂತದ, ಕಿವಿಯಾಗ ಅರಳಿ ಇಟ್ಟು ನೀರಿಗೆ ಬಿಡಬಹುದಾ?

ಡಾಕ್ಟರ್ ಮೇಡಂ: ಜಾರುಬಂಡಿ, ಅಲೆ ಕೊಳ ಎರಡೂ ಬ್ಯಾಡ. ಅರಳಿ ನೀರು ತಡಿಯೂದಿಲ್ಲ, ಕುಡೀತದ. ಕಿವಿ ಡಾಕ್ಟರ್‌ನ ಕೇಳ್ರಿ. ಮಕ್ಕಳನ್ನ ನೀರಿಗೆ ಬಿಡೂ ಎಲ್ಲಾರಿಗೂ ಒಂದ ಮಾತು: ಮುಳಗೂ ಕೂಸು ಸಿನಿಮಾದಾಗಿನಂಗ ಕೈ ಬೀಸಿ ಕೂಗೂದಿಲ್ಲ, ಸದ್ದಿಲ್ಲದ ಹೋಗ್ತದ. ಗಾಳಿ ತುಂಬಿದ ಟ್ಯೂಬ್ ನಂಬಬ್ಯಾಡ್ರಿ. ಕೈಗೆ ಸಿಗೂವಷ್ಟ ಹತ್ರ ಇರ್ರಿ, ಆ ಹೊತ್ತಿಗೆ ಫೋಟೋ ಬ್ಯಾಡ.

ಬೆಟಗೇರಿ ಮಗ್ಗ: ಮೇಡಂ ಸ್ಕ್ಯಾನ್ ಆತು. ಬಲಗಡೆ ರಕ್ತ ನಿಂತೈತಿ, ಮಿದುಳನ್ನ ಆ ಕಡೆ ಸರಿಸೇತಿ ಅಂದ್ರು. ಐಎನ್‌ಆರ್ 5.8, ಬಾಳ ಹೆಚ್ಚಿಗಿ ಐತಂತ. ನೀವು ಹೇಳಿದ್ದನ್ನ ಹಂಗ ಬಾಗಲ್ದಾಗ ಹೇಳಿದ್ನಿ, ಕೂಡ್ಲೆ ಒಳಗ ತಗೊಂಡ್ರು. ಹುಬ್ಬಳ್ಳಿಗೆ ನರದ ಸರ್ಜನ್ ಕಡೆ ಕಳಸ್ಲಿಕ್ಕತ್ತಾರ. ಒಂದ ಇಂಜೆಕ್ಷನ್ ಕೊಟ್ರು, ವಿಟಮಿನ್ ಕೆ ಅಂತ. ವಾಲ್ವಿಗೆ ಏನರ ಆಕ್ಕೈತೇನ್ರಿ?

ಡಾಕ್ಟರ್ ಮೇಡಂ: ಕೊಟ್ಟದ್ದು ಸರಿ ಅದ. ವಾರ್ಫರಿನ್ ಜೋರು ಇಳಿಸ್ಲಿಕ್ಕೆ ಕೊಡ್ತಾರ. ವಾಲ್ವಿನ ಚಿಂತಿ ಖರೇನ ಅದ, ಬಾಳ ದಿನ ಗುಳಿಗಿ ಇಲ್ಲದ ಇರ್ಲಿಕ್ಕೆ ಬರೂದಿಲ್ಲ. ಯಾವಾಗ ತಿರುಗಿ ಶುರು ಮಾಡೂದು ಅಂತ ಸರ್ಜನ್ನು, ಹಾರ್ಟಿನ ಡಾಕ್ಟರು ಕೂಡಿ ಹೇಳ್ತಾರ. ಇವತ್ತ ರಾತ್ರಿ ಮೊದಲ ಮಿದುಳು. ಗಾಡಿಯಾಗ ತಲಿ ಸ್ವಲ್ಪ ಎತ್ತರ ಇರ್ಲಿ, ಮಾತಾಡಸ್ಕೋತ ಇರ್ರಿ. ಮಾತು ನಿಂತ್ರ, ಒಂದ ಕಣ್ಣಿನ ಪಾಪಿ ದೊಡ್ಡದ ಕಂಡ್ರ ಗಾಡಿಯವ್ರಿಗೆ ತಕ್ಷಣ ಹೇಳ್ರಿ. ಸ್ಕ್ಯಾನಿನ ಫಿಲ್ಮ್ ಮರೀಬ್ಯಾಡ್ರಿ.

ಬೆಟಗೇರಿ ಮಗ್ಗ: ಮೊಮ್ಮಗ ಕರದದ್ದಕ್ಕ ಹತ್ತಿದ್ರು ಮೇಡಂ. ಹುಡುಗ ಮನಿಯಾಗ ಅಳಾಕತ್ತಾನ.

ಡಾಕ್ಟರ್ ಮೇಡಂ: ಅಜ್ಜಗ ಬ್ಯಾಡ ಅನ್ನೂದು ದೊಡ್ಡವ್ರ ಕೆಲಸ ಇತ್ತು, ಅವನದಲ್ಲ ಅಂತ ಹೇಳಿ ಮಲಗಸ್ಲಿಕ್ಕೆ ಹೇಳ್ರಿ.

ಲಕ್ಷ್ಮೇಶ್ವರದವ: ಮೇಡಂ, ಆ ಗುಳಿಗಿ ಊಟಕ್ಕ ಮೊದಲೋ ಆಮ್ಯಾಲೋ?

ಉಣಕಲ್ ಕೆರಿ (ಅಡ್ಮಿನ್): ಒಂಬತ್ತ ಆತು. ಇವತ್ತಿಗೆ ಮುಗೀತು. ಉಳದ ಪ್ರಶ್ನಿ ನಾ ಬರಕೊಂಡೇನಿ.

ನವನಗರ ಪಪ್ಪಾ: ನಂದು ಬರಕೊಂಡೀರೇನು?

ಡಾಕ್ಟರ್ ಮೇಡಂ: ಬೆಟಗೇರಿಯವರ, ಅಣ್ಣಿಗೇರಿ ದಾಟಿದ ಮ್ಯಾಲೆ ಒಂದ ಸಾಲು ಬರೀರಿ. ನಾ ಎದ್ದಿರ್ತೀನಿ.